ಅಗ್ಗದ ಆಮದು ವಾಕಿಟಾಕಿ: ಹ್ಯಾಮ್ ಪರವಾನಗಿ ಇದ್ದವರೂ ನೋಡಿ ಕೊಳ್ಳಬೇಕಾದ ಸೆಟ್ಟು

ಗುಡ್ಡವೊಂದು ಅಡ್ಡ ಬಂದೊಡನೆ ಮೊಬೈಲ್ ಸಿಗ್ನಲ್ ಕೈಕೊಡುವ ಮಲೆನಾಡಿನಲ್ಲಿ ವಾಕಿಟಾಕಿಯ ಮೇಲಿನ ಆಸೆ ಬಯಲುಸೀಮೆಯವರಿಗೆ ಪೂರ್ತಿ ಅರ್ಥವಾಗಲಾರದು. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಊರುಗಳಲ್ಲಿ ತೋಟದ ಮನೆಗೂ ಪಂಪ್‌ಸೆಟ್ಟಿಗೂ ನಡುವೆ ಮಾತು ಸಾಗಿಸಲು ಜನ ಏನೇನೋ ಉಪಾಯ ಹುಡುಕುತ್ತಾರೆ. ಎರಡು ಮೂರು ಸಾವಿರ ರೂಪಾಯಿಗೆ ಮನೆ ಬಾಗಿಲಿಗೆ ಬರುವ ಚೀನೀ ರೇಡಿಯೊ ಆ ಉಪಾಯಗಳಲ್ಲಿ ಒಂದಾಗಿದೆ. ಇದೇ ಸೆಟ್ಟನ್ನು ಹೊಸದಾಗಿ ಪರೀಕ್ಷೆ ಪಾಸು ಮಾಡಿದ ಹ್ಯಾಮ್ (ಹವ್ಯಾಸಿ ರೇಡಿಯೊ) ಮಿತ್ರರೂ ಮೊದಲ ರೇಡಿಯೊವಾಗಿ ಕೊಳ್ಳುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಈ ಇಬ್ಬರು ಗ್ರಾಹಕರ ಸ್ಥಿತಿ ತೀರಾ ಬೇರೆ. ಹಾಗಿದ್ದೂ ಪರವಾನಗಿ ಇರುವವರಿಗೆ ಸಮಸ್ಯೆಯೇ ಇಲ್ಲ ಎಂಬ ನಂಬಿಕೆ ಶಿವಮೊಗ್ಗದ ಹವ್ಯಾಸಿಗಳಲ್ಲಿ ಗಟ್ಟಿಯಾಗಿದೆ. ಅದು ಅರ್ಧ ಮಾತ್ರ ಸರಿ. ಪರವಾನಗಿ ಕೊಡುವುದು ಮನುಷ್ಯನಿಗೆ; ಆತನ ಕೈಯಲ್ಲಿರುವ ಯಂತ್ರದ ದೋಷವನ್ನು ಆ ಕಾಗದ ಮುಚ್ಚುವುದಿಲ್ಲ.

ನಾನು ಬಳಸಿ ನೋಡಿದ್ದು ಬಾವ್‌ಫೆಂಗ್ ಯುವಿ-5ಆರ್ ಅಚ್ಚಿನಲ್ಲೇ ತಯಾರಾಗಿ ಬೇರೊಂದು ಹೆಸರು ಹೊತ್ತು ಬಂದ ಸೆಟ್ಟು. ಆ ಹೆಸರನ್ನು ಇಲ್ಲಿ ಬರೆಯುವ ಅಗತ್ಯ ಕಾಣುವುದಿಲ್ಲ, ಏಕೆಂದರೆ ಅದೇ ಪೆಟ್ಟಿಗೆ ಮುಂದಿನ ವರ್ಷ ಮತ್ತೊಂದು ಹೆಸರಿನಲ್ಲಿ ಬಂದೀತು. 2012ರ ಸುಮಾರಿಗೆ ಮಾರುಕಟ್ಟೆಗೆ ಬಂದ ಯುವಿ-5ಆರ್ ಈ ಇಡೀ ವಂಶದ ಮೂಲಪುರುಷ. ಒಂದೇ ಚಿಪ್ಪಿನಲ್ಲಿ ಪ್ರಸಾರ ಮತ್ತು ಗ್ರಹಣದ ಬಹುಪಾಲು ಕೆಲಸ ಮುಗಿಸುವ ವಿನ್ಯಾಸವೇ ಅದರ ಬೆಲೆ ಇಷ್ಟು ಇಳಿಯಲು ಕಾರಣ. 136ರಿಂದ 174 ಮೆಗಾಹರ್ಟ್ಸ್ (ವಿಎಚ್‌ಎಫ್) ಮತ್ತು 400ರಿಂದ 520 ಮೆಗಾಹರ್ಟ್ಸ್ (ಯುಎಚ್‌ಎಫ್) ಎಂಬ ಎರಡು ವಿಶಾಲ ಆವರ್ತನ ಪಟ್ಟಿಗಳು, 128 ಚಾನೆಲ್‌ಗಳ ನೆನಪು, ಎಫ್‌ಎಂ ರೇಡಿಯೊ, ಒಂದು ಟಾರ್ಚು, ಗುಂಡಿ ಒತ್ತಿದಾಗಲೆಲ್ಲ ಇಂಗ್ಲಿಷ್ ಅಥವಾ ಚೀನೀ ಭಾಷೆಯಲ್ಲಿ ಮಾತನಾಡುವ ಹೆಣ್ಣು ಧ್ವನಿ, ಇವೆಲ್ಲ ನನ್ನ ಸೆಟ್ಟಿನಲ್ಲೂ ಇವೆ. ಆ ಧ್ವನಿಯನ್ನು ಮೆನುವಿನಲ್ಲಿ ಬಂದ್ ಮಾಡಬಹುದು, ಮೊದಲು ಮಾಡಬೇಕಾದ ಕೆಲಸವೂ ಅದೇ. ಪೆಟ್ಟಿಗೆಯ ಮೇಲೆ 8 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದ್ದರೂ ಮೀಟರಿನ ಮುಳ್ಳು 5ರ ಆಸುಪಾಸಿನಲ್ಲೇ ನಿಂತಿತು. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಕೈರೇಡಿಯೊಗೆ 5 ವ್ಯಾಟ್ ಧಾರಾಳ.

ಮೊದಲು ಕಾನೂನಿನ ತಳಪಾಯ ನೋಡೋಣ. 1933ರ ಭಾರತೀಯ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಪ್ರಸಾರ ಯಂತ್ರವನ್ನು ಇಟ್ಟುಕೊಳ್ಳುವುದೇ ಅಪರಾಧ. ಗುಂಡಿ ಒತ್ತಿ ಮಾತನಾಡಬೇಕೆಂದಿಲ್ಲ, ಬೀರುವಿನಲ್ಲಿ ಬಿದ್ದಿದ್ದರೂ ಸಾಕು. ಮೂರು ವರ್ಷದವರೆಗೆ ಸೆರೆವಾಸ ವಿಧಿಸುವ ಅವಕಾಶ ಆ ಕಾಯ್ದೆಯಲ್ಲಿದೆ. ಅದರ ಜಾಗಕ್ಕೆಂದು ಬಂದು ಹಂತಹಂತವಾಗಿ ಜಾರಿಯಾಗುತ್ತಿರುವ 2023ರ ದೂರಸಂಪರ್ಕ ಕಾಯ್ದೆಯೂ ರೇಡಿಯೊ ಉಪಕರಣವನ್ನು ಹೊಂದಲು ಅನುಮತಿ ಬೇಕೆಂಬ ತತ್ವವನ್ನು ಬಿಟ್ಟುಕೊಟ್ಟಿಲ್ಲ. ಹ್ಯಾಮ್‌ಗಳಿಗೆ ಈ ಅನುಮತಿ ಬರುವುದು 1978ರ ಹವ್ಯಾಸಿ ಸೇವೆಯ ನಿಯಮಗಳ ಮೂಲಕ. ದೂರಸಂಪರ್ಕ ಇಲಾಖೆಯಲ್ಲಿ ರೇಡಿಯೊ ಆವರ್ತನಗಳನ್ನು ನೋಡಿಕೊಳ್ಳುವ ಡಬ್ಲ್ಯುಪಿಸಿ ವಿಭಾಗ ನಡೆಸುವ ಹ್ಯಾಮ್ ಪರೀಕ್ಷೆಯನ್ನು (ಎಎಸ್‌ಒಸಿ) 12 ವರ್ಷ ತುಂಬಿದ ಯಾರು ಬೇಕಾದರೂ ಬರೆಯಬಹುದು. ಅದರ ಕೆಳಗಿನ ದರ್ಜೆಯಾದ ರೆಸ್ಟ್ರಿಕ್ಟೆಡ್‌ಗೆ ಮೋರ್ಸ್ ಸಂಕೇತ ಬೇಕಿಲ್ಲ. ಹೈಸ್ಕೂಲಿನ ಭೌತಶಾಸ್ತ್ರ ನೆನಪಿದ್ದವರು ಕೆಲವು ವಾರ ಕುಳಿತು ಓದಿದರೆ ದಾಟಬಹುದಾದ ಪರೀಕ್ಷೆ ಅದು. ಮಾರಾಟಗಾರರು ಈ ಪರವಾನಗಿಯ ಪ್ರತಿಯನ್ನು ಕೇಳಿ ಪಡೆಯಬೇಕು. ನನ್ನಿಂದ ಕೇಳಿ ಪಡೆದರು, ಬಿಲ್ಲಿನಲ್ಲಿ ನನ್ನ ಕಾಲ್ ಸೈನ್ (ಪರವಾನಗಿಯೊಡನೆ ಸಿಗುವ ಗುರುತಿನ ಅಕ್ಷರಗಳು) ಬರೆದುಕೊಟ್ಟರು. ಕೇಳದೆಯೇ ಮಾರುವವರ ಬಳಿ ಕೊಳ್ಳದಿರುವುದು ಒಳ್ಳೆಯದು, ಏಕೆಂದರೆ ನಾಳೆ ಯಾರಾದರೂ ಪ್ರಶ್ನಿಸಿದಾಗ ಸೆಟ್ಟು ಎಲ್ಲಿಂದ ಬಂತೆಂದು ತೋರಿಸಲು ನಮ್ಮ ಕೈಯಲ್ಲಿ ಒಂದು ಚೀಟಿಯೂ ಇರುವುದಿಲ್ಲ. ವಿದೇಶಿ ಜಾಲತಾಣದಿಂದ ನೇರವಾಗಿ ತರಿಸುವವರು ಆಮದಿನ ಅನುಮತಿಯ ವಿಷಯವನ್ನು ಡಬ್ಲ್ಯುಪಿಸಿಯಲ್ಲಿ ಮೊದಲೇ ಇತ್ಯರ್ಥ ಮಾಡಿಕೊಳ್ಳುವುದು ಕ್ಷೇಮ. ಪಾರ್ಸೆಲ್ ಕಸ್ಟಮ್ಸ್‌ನಲ್ಲಿ ನಿಂತ ಮೇಲೆ ಮಾಡುವ ಓಡಾಟ ಸೆಟ್ಟಿನ ಬೆಲೆಗಿಂತ ದುಬಾರಿಯಾಗುತ್ತದೆ.

ಇಷ್ಟು ದಾಟಿದ ಮೇಲೆ ನಿಜವಾದ ತೊಡಕು ಎದುರಾಗುತ್ತದೆ. ಭಾರತದ ಹ್ಯಾಮ್‌ಗಳಿಗೆ ವಿಎಚ್‌ಎಫ್‌ನಲ್ಲಿ ಈ ಸೆಟ್ಟಿನ ವ್ಯಾಪ್ತಿಯೊಳಗೆ ಸಿಗುವುದು 144ರಿಂದ 146 ಮೆಗಾಹರ್ಟ್ಸ್, ಯುಎಚ್‌ಎಫ್‌ನಲ್ಲಿ 434ರಿಂದ 438 ಮೆಗಾಹರ್ಟ್ಸ್ ಮಾತ್ರ. ಸೆಟ್ಟು ಪ್ರಸಾರ ಮಾಡಬಲ್ಲದ್ದು ಒಟ್ಟು 158 ಮೆಗಾಹರ್ಟ್ಸ್ ಅಗಲದಲ್ಲಿ, ನಮಗೆ ಹಕ್ಕಿರುವುದು 6 ಮೆಗಾಹರ್ಟ್ಸ್‌ನಲ್ಲಿ. ಉಳಿದ ಜಾಗವೆಲ್ಲ ಪೊಲೀಸ್, ಅರಣ್ಯ, ರೈಲ್ವೆ, ಹಡಗು, ಖಾಸಗಿ ಜಾಲಗಳಂಥ ಬೇರೆಯವರ ಪಾಲಿಗೆ ಸೇರಿದ್ದು. ಕೀಲಿಮಣೆಯಲ್ಲಿ ಆರು ಅಂಕಿ ಒತ್ತಿದರೆ ಸಾಕು, ಸೆಟ್ಟು ಯಾವ ಪ್ರಶ್ನೆಯನ್ನೂ ಕೇಳದೆ ಅಲ್ಲಿಗೆ ಹೋಗಿ ಕೂರುತ್ತದೆ. ಕೆಳತುದಿಯ 136ರಿಂದ 137 ಮೆಗಾಹರ್ಟ್ಸ್ ವಿಮಾನಗಳ ಮಾತುಕತೆಯ ಪಟ್ಟಿಗೆ ಸೇರಿದೆ. 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ವಿಮಾನ ನಿಲ್ದಾಣವನ್ನು ಪಕ್ಕದಲ್ಲಿಟ್ಟುಕೊಂಡಿರುವ ಶಿವಮೊಗ್ಗದವರು ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ.

ಕೊಡಚಾದ್ರಿಯ ಉದಾಹರಣೆ ಇನ್ನೂ ಸ್ಪಷ್ಟವಾಗಿದೆ. 1343 ಮೀಟರ್ ಎತ್ತರದ ಆ ಶಿಖರದಿಂದ ಕಡಲ ಕಡೆಗೆ ರೇಡಿಯೊದ ದಿಗಂತ ಲೆಕ್ಕಕ್ಕೆ ಸುಮಾರು 150 ಕಿಲೋಮೀಟರ್, ಮತ್ತು ಅರಬ್ಬಿ ಸಮುದ್ರ ಅದಕ್ಕಿಂತ ಬಹಳ ಹತ್ತಿರದಲ್ಲಿದೆ. ಶಿಖರದ ಮೇಲೆ ನಿಂತವರೊಬ್ಬರು ಗೊತ್ತಿಲ್ಲದೆ 156.8 ಮೆಗಾಹರ್ಟ್ಸ್‌ನಲ್ಲಿ ಗುಂಡಿ ಒತ್ತಿ ತಮಾಷೆ ಮಾಡಿದರೆ ಅದು ಹಡಗುಗಳು ಅಪಾಯದಲ್ಲಿ ಕೂಗುವ ಚಾನೆಲ್ಲು. ಗಂಗೊಳ್ಳಿ, ಬೈಂದೂರಿನ ಆಚೆ ನೀರಿನ ಮೇಲಿರುವ ದೋಣಿಗಳಿಗೆ ಆ ತಮಾಷೆ ಚೆನ್ನಾಗಿಯೇ ಕೇಳಿಸುತ್ತದೆ. ಊರಿನ ಓಣಿಯಲ್ಲಿ ಒಂದೆರಡು ಕಿಲೋಮೀಟರ್ ಹೋಗಲು ಏದುಸಿರು ಬಿಡುವ ಅದೇ 5 ವ್ಯಾಟು ಘಟ್ಟದ ನೆತ್ತಿಯಲ್ಲಿ ಜಿಲ್ಲೆಯ ಗಡಿಯನ್ನೇ ಲೆಕ್ಕಿಸುವುದಿಲ್ಲ. ಅಗ್ಗದ ರೇಡಿಯೊವನ್ನು ಆಟಿಕೆ ಎಂದು ಭಾವಿಸುವವರಿಗೆ ಮಲೆನಾಡಿನ ಭೂಗೋಳವೇ ಉತ್ತರ.

ಇದಕ್ಕೆ ಪರಿಹಾರ ಸೆಟ್ಟಿನೊಳಗೇ ಇದೆ, ಮಾರುವವರು ಹೇಳುವುದಿಲ್ಲ ಅಷ್ಟೇ. ಚರ್ಪ್ ಎಂಬ ಉಚಿತ ತಂತ್ರಾಂಶ ಮತ್ತು ಎರಡು ಪಿನ್ನಿನ ಕೇಬಲ್ ಇದ್ದರೆ ಮೂಲ ಯುವಿ-5ಆರ್‌ನಲ್ಲೂ ಅದರ ಹಲವು ನಕಲುಗಳಲ್ಲೂ ವಿಎಚ್‌ಎಫ್ ಮತ್ತು ಯುಎಚ್‌ಎಫ್‌ನ ಮೇಲಿನ, ಕೆಳಗಿನ ಮಿತಿಗಳನ್ನು ಬದಲಿಸಬಹುದು. ನನ್ನ ಸೆಟ್ಟು ಒಪ್ಪಿಕೊಂಡಿತು. ಈಗ ಅದರಲ್ಲಿ 146ರ ಆಚೆಗೆ ಹೋಗಲು ಯತ್ನಿಸಿದರೆ ಅದು ಬರಿದೇ ಬೀಪ್ ಎನ್ನುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ 145.800ರಂಥ ಚಾನೆಲ್ಲುಗಳನ್ನು ಕೇಳಲು ಮಾತ್ರ ಇಟ್ಟುಕೊಳ್ಳುವವರು, ಡ್ಯೂಪ್ಲೆಕ್ಸ್ ಎಂಬ ಅಂಕಣದಲ್ಲಿ ‘ಆಫ್’ ಎಂದು ತುಂಬಿದರೆ ಆ ಚಾನೆಲ್ಲಿನಲ್ಲಿ ಗುಂಡಿ ಒತ್ತಿದರೂ ಪ್ರಸಾರವಾಗುವುದಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ ಕೀಲಿಮಣೆಗೂ ಬೀಗ ಹಾಕಬೇಕು. ಕೇಬಲ್ಲಿನ ಬಗ್ಗೆ ಒಂದು ಮಾತು: ಅತಿ ಅಗ್ಗದ ಕೇಬಲ್ಲುಗಳೊಳಗೆ ನಕಲಿ ಚಿಪ್ಪು ಇರುತ್ತದೆ, ಹೊಸ ವಿಂಡೋಸ್ ಡ್ರೈವರ್ ಅದನ್ನು ಗುರುತಿಸಿ ಕೆಲಸ ನಿಲ್ಲಿಸುತ್ತದೆ. ಸೆಟ್ಟು ಹಾಳಾಗಿದೆ ಎಂದು ವಾಪಸು ಕಳಿಸುವ ಮೊದಲು ಕೇಬಲ್ ಬದಲಿಸಿ ನೋಡುವುದು ಉತ್ತಮ.

ಅಮೆರಿಕದಲ್ಲಿ ಇದೇ ವಿಷಯಕ್ಕೆ ಗದ್ದಲವಾದದ್ದು 2018ರಲ್ಲಿ. ಅಲ್ಲಿ ಹ್ಯಾಮ್ ಪಟ್ಟಿಗಳಲ್ಲಿ ಮಾತ್ರ ಪ್ರಸಾರ ಮಾಡುವ ರೇಡಿಯೊಗೆ ಅಲ್ಲಿನ ಸಂಪರ್ಕ ನಿಯಂತ್ರಕ ಸಂಸ್ಥೆಯಾದ ಎಫ್‌ಸಿಸಿಯ ಪ್ರಮಾಣೀಕರಣ ಬೇಕಿಲ್ಲ. ಹೊರಗಿನ ಪಟ್ಟಿಗಳಲ್ಲೂ ಪ್ರಸಾರ ಮಾಡಬಲ್ಲದ್ದಾದರೆ ಬೇಕು. ಯುವಿ-5ಆರ್ ಸರಣಿಯನ್ನು ಮಾರುತ್ತಿದ್ದ ಆಮದುದಾರರಿಗೆ ಆ ವರ್ಷದ ಆಗಸ್ಟ್‌ನಲ್ಲಿ ಎಫ್‌ಸಿಸಿ ನೋಟಿಸು ಕೊಟ್ಟಿತು, ಸೆಪ್ಟೆಂಬರಿನಲ್ಲಿ ಎಲ್ಲ ಮಾರಾಟಗಾರರಿಗೂ ಎಚ್ಚರಿಕೆ ಹೊರಡಿಸಿತು. ನಮ್ಮಲ್ಲಿ ಕೆಲವರು ಸೆಟ್ಟಿನ ಹಿಂಬದಿಯ ಎಫ್‌ಸಿಸಿ ಸಂಖ್ಯೆಯನ್ನೋ ಸಿಇ ಗುರುತನ್ನೋ ತೋರಿಸಿ ಇದು ಕಾನೂನುಬದ್ಧ ಎಂದು ವಾದಿಸುತ್ತಾರೆ. ಅವು ಅಮೆರಿಕ, ಯುರೋಪಿನ ಲೆಕ್ಕ. ಭಾರತದಲ್ಲಿ ಆ ಗುರುತುಗಳಿಗೆ ಅನುಮತಿಯ ಬೆಲೆಯಿಲ್ಲ. ಇಲ್ಲಿ ಉಪಕರಣದ ಮಾದರಿಗೆ ಕೊಡುವ ಅನುಮೋದನೆಯಾದ ಇಟಿಎ ಪ್ರಮಾಣಪತ್ರವೂ ಮೂಲತಃ ಪರವಾನಗಿ ಬೇಡದ ಪಟ್ಟಿಗಳ ಉಪಕರಣಗಳಿಗಾಗಿ ಇರುವಂಥದ್ದು. ಹೀಗಾಗಿ 136ರಿಂದ 174ರವರೆಗೆ ಪ್ರಸಾರ ಮಾಡುವ ಸೆಟ್ಟಿನ ಜಾಹೀರಾತಿನಲ್ಲಿ ‘ಇಟಿಎ ಇದೆ, ಪರವಾನಗಿ ಬೇಡ’ ಎಂದಿದ್ದರೆ ಆ ಮಾತಿನಲ್ಲೇ ಮೋಸವಿದೆ.

ಇನ್ನು ಸೆಟ್ಟಿನ ಶುದ್ಧತೆ. ಹ್ಯಾಮ್‌ಗಳಾದ ನಾವು ಹೆಚ್ಚು ಯೋಚಿಸಬೇಕಾದದ್ದು ಇಲ್ಲಿ, ಏಕೆಂದರೆ ಉಳಿದದ್ದೆಲ್ಲ ನಮ್ಮ ಶಿಸ್ತಿನಿಂದ ಸರಿಹೋಗುತ್ತದೆ, ಇದು ಹೋಗುವುದಿಲ್ಲ. ಯಾವ ಪ್ರಸಾರ ಯಂತ್ರವೂ ತಾನು ಹಾಡಬೇಕಾದ ಶ್ರುತಿಯ ಜೊತೆಗೆ ಅದರ ಎರಡು ಪಟ್ಟು, ಮೂರು ಪಟ್ಟಿನ ಆವರ್ತನಗಳಲ್ಲಿ ಒಂದಿಷ್ಟು ಶಕ್ತಿಯನ್ನು ಚೆಲ್ಲುತ್ತದೆ. ಇವೇ ಹಾರ್ಮೋನಿಕ್‌ಗಳು. ಒಳ್ಳೆಯ ಸೆಟ್ಟುಗಳಲ್ಲಿ ಆಂಟೆನಾಕ್ಕೆ ಮುಂಚೆ ಇರುವ ಲೋ-ಪಾಸ್ ಫಿಲ್ಟರ್ ಅದನ್ನು ತಡೆಯುತ್ತದೆ. ಅಗ್ಗದ ಸೆಟ್ಟುಗಳಲ್ಲಿ ಖರ್ಚು ಉಳಿಸಲು ಮೊದಲು ಕತ್ತರಿ ಬೀಳುವುದು ಈ ಫಿಲ್ಟರಿನ ಬಿಡಿಭಾಗಗಳ ಮೇಲೆ, ಕಣ್ಣಿಗೆ ಕಾಣದ ಜಾಗವಲ್ಲವೇ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ರೇಡಿಯೊ ನಿಯಮಾವಳಿಯ 3ನೇ ಅನುಬಂಧವನ್ನು ಲೆಕ್ಕ ಹಾಕಿದರೆ ಇಂಥ ಸೆಟ್ಟಿನಿಂದ ಹೊರಬೀಳಬಹುದಾದ ಬೇಡದ ಶಕ್ತಿಯ ಮಿತಿ 50 ಮೈಕ್ರೊವ್ಯಾಟ್. ಅಮೆರಿಕದ ಹ್ಯಾಮ್ ನಿಯಮ 25 ವ್ಯಾಟ್ ಒಳಗಿನ ವಿಎಚ್‌ಎಫ್ ಸೆಟ್ಟುಗಳಿಗೆ ಅದನ್ನು 25 ಮೈಕ್ರೊವ್ಯಾಟ್‌ಗೆ ಇಳಿಸಿದೆ.

ಪರಿಚಿತರ ಪ್ರಯೋಗಾಲಯದಲ್ಲಿ ಯಾವ ಆವರ್ತನದಲ್ಲಿ ಎಷ್ಟು ಶಕ್ತಿಯಿದೆ ಎಂದು ಗೆರೆಗಳಲ್ಲಿ ತೋರಿಸುವ ಸ್ಪೆಕ್ಟ್ರಂ ಅನಲೈಸರಿಗೆ, ಶಕ್ತಿ ತಗ್ಗಿಸುವ 40 ಡೆಸಿಬಲ್ ಅಟೆನ್ಯುಯೇಟರ್ ಮೂಲಕ ನನ್ನ ಸೆಟ್ಟನ್ನು ಜೋಡಿಸಿ ನೋಡಿದೆವು. 145 ಮೆಗಾಹರ್ಟ್ಸ್‌ನಲ್ಲಿ ಪೂರ್ಣ ಶಕ್ತಿಯಲ್ಲಿ ಗುಂಡಿ ಒತ್ತಿದಾಗ 290ರಲ್ಲಿ ಎದ್ದ ಗೆರೆ ಎರಡೂ ಮಿತಿಗಳನ್ನು ಆರಾಮವಾಗಿ ದಾಟಿತ್ತು. 435ರಲ್ಲಿ ಎದ್ದದ್ದು ಅದಕ್ಕಿಂತ ಗಿಡ್ಡ, ಆದರೂ ಎದ್ದು ಕಾಣುವಂತಿತ್ತು. ಯುಎಚ್‌ಎಫ್‌ನಲ್ಲಿ ಚಿತ್ರವೇ ಬೇರೆ: 435ರಲ್ಲಿ ಪ್ರಸಾರ ಮಾಡಿದಾಗ ಅದರ ಎರಡು ಪಟ್ಟಾದ 870ರಲ್ಲಿ ಕಂಡದ್ದು ಎರಡೂ ಮಿತಿಗಳೊಳಗೇ ಇತ್ತು. ಇದು ಸಮಾಧಾನದ ವಿಷಯ, ಏಕೆಂದರೆ 870 ಎಂದರೆ ಮೊಬೈಲ್ ಟವರುಗಳು ಮಾತನಾಡುವ ಜಾಗ. ಒಂದೇ ಮಾದರಿಯ ಎರಡು ಸೆಟ್ಟುಗಳೂ ಒಂದೇ ರೀತಿ ಇರುವುದಿಲ್ಲ ಎಂಬುದು ಈ ವರ್ಗದ ಇನ್ನೊಂದು ಗುಣ. ಅಮೆರಿಕದ ಹ್ಯಾಮ್ ಸಂಘವಾದ ಎಆರ್‌ಆರ್‌ಎಲ್‌ನ ಪ್ರಯೋಗಾಲಯ ಸದಸ್ಯರ ಕೈಸೆಟ್ಟುಗಳನ್ನು ಅಳೆದಾಗಲೂ ಅಗ್ಗದ ಸೆಟ್ಟುಗಳಲ್ಲಿ ಕೆಲವು ಪಾಸಾಗಿ ಹಲವು ಫೇಲಾದವು. ಹಾಗಾಗಿ ಮಿತ್ರರ ಸೆಟ್ಟು ಚೆನ್ನಾಗಿದೆ ಎಂದು ನಮ್ಮದೂ ಚೆನ್ನಾಗಿರುತ್ತದೆ ಎನ್ನಲಾಗದು.

ಪ್ರಯೋಗಾಲಯ ಸಿಗದವರಿಗೆ ಒಂದು ಒರಟು ಪರೀಕ್ಷೆ ಇದೆ. 145.000ರ ಮೂರು ಪಟ್ಟು ಸರಿಯಾಗಿ 435.000, ಅದು ನಮ್ಮದೇ ಯುಎಚ್‌ಎಫ್ ಪಟ್ಟಿಯೊಳಗೆ ಬೀಳುತ್ತದೆ. ಆಂಟೆನಾ ತೆಗೆದು ಅದರ ಜಾಗಕ್ಕೆ ಶಕ್ತಿಯನ್ನು ಗಾಳಿಗೆ ಬಿಡದೆ ಹೀರಿಕೊಳ್ಳುವ ಡಮ್ಮಿ ಲೋಡ್ ಸಿಕ್ಕಿಸಿ ಕಡಿಮೆ ಶಕ್ತಿಯಲ್ಲಿ 145ರಲ್ಲಿ ಗುಂಡಿ ಒತ್ತಿ, ಇನ್ನೊಂದು ಸೆಟ್ಟನ್ನು 435ಕ್ಕಿಟ್ಟು ದೂರ ಹೋಗುತ್ತಾ ಕೇಳಬೇಕು. ಅಂಗಳ ದಾಟಿದ ಮೇಲೂ ಧ್ವನಿ ಸ್ಪಷ್ಟವಾಗಿ ಕೇಳುತ್ತಿದ್ದರೆ ಅನುಮಾನಪಡಲು ಕಾರಣವಿದೆ. ಕೇಳುವ ಸೆಟ್ಟಿನದೇ ದೋಷದಿಂದಲೂ ಹೀಗಾಗಬಹುದಾದ್ದರಿಂದ ಇದನ್ನು ತೀರ್ಪು ಎಂದುಕೊಳ್ಳಬಾರದು. ಮಿತಿ ಮೀರುವ ಸೆಟ್ಟನ್ನು ಎಸೆಯಬೇಕಾಗಿಲ್ಲ. ಮನೆಯ ಮೇಲಿನ ಆಂಟೆನಾಕ್ಕೆ ಜೋಡಿಸುವಾಗ ನಡುವೆ 2 ಮೀಟರ್ ಪಟ್ಟಿಯ (144ರಿಂದ 146 ಮೆಗಾಹರ್ಟ್ಸ್) ಲೋ-ಪಾಸ್ ಫಿಲ್ಟರ್ ಹಾಕಬಹುದು, ಕೈಯಲ್ಲಿ ಹಿಡಿದಾಗ 1 ವ್ಯಾಟಿನಲ್ಲಿ ಬಳಸಬಹುದು, ಅಥವಾ ನಾನು ಮಾಡುವಂತೆ ಅದನ್ನು ಯುಎಚ್‌ಎಫ್‌ಗೆ ಮೀಸಲಿಡಬಹುದು. ಆದರೆ ಫಿಲ್ಟರ್ ಇಲ್ಲದೆ ಅದಕ್ಕೆ 40 ವ್ಯಾಟಿನ ಆಂಪ್ಲಿಫೈಯರ್ ಜೋಡಿಸುವವರನ್ನು ನೋಡಿದ್ದೇನೆ. ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಬಳಕೆಯ ವಿಷಯದಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಮಾತು ಸ್ಪಷ್ಟ, ಬ್ಯಾಟರಿ ಒಂದು ದಿನದ ಚಾರಣಕ್ಕೆ ಸಾಲುತ್ತದೆ, ಮಾತನ್ನು ಹಿಡಿದು ಮರುಪ್ರಸಾರ ಮಾಡುವ ರಿಪೀಟರಿಗೆ ಬೇಕಾದ ಟೋನ್ ಮತ್ತು ಕಳಿಸುವ, ಕೇಳುವ ಆವರ್ತನಗಳ ನಡುವಿನ 600 ಕಿಲೋಹರ್ಟ್ಸ್ ಅಂತರವನ್ನು ಸರಿಯಾಗಿ ಕೊಡುತ್ತದೆ. ಜೊತೆಗೆ ಬರುವ ಗಿಡ್ಡ ಆಂಟೆನಾ ಹೆಸರಿಗೆ ಮಾತ್ರ; ಉದ್ದನೆಯದೊಂದನ್ನು ಕೊಂಡರೆ ವ್ಯತ್ಯಾಸ ಕೂಡಲೇ ತಿಳಿಯುತ್ತದೆ. ಗ್ರಹಣ ಶಕ್ತಿ ಆಗುಂಬೆಯಂಥ ನಿಶ್ಶಬ್ದ ಜಾಗದಲ್ಲಿ ಮೆಚ್ಚುವಂತಿದ್ದು, ಶಿವಮೊಗ್ಗದ ಬಿ.ಎಚ್. ರಸ್ತೆಯ ಆಸುಪಾಸಿನಲ್ಲಿ ಸುತ್ತಲಿನ ಪ್ರಬಲ ಸಂಕೇತಗಳ ನಡುವೆ ಕಿವುಡಾಗುತ್ತದೆ. ಮಳೆಗಾಲದಲ್ಲಿ ಇದನ್ನು ಪ್ಲಾಸ್ಟಿಕ್ ಚೀಲದಿಂದ ಹೊರತೆಗೆಯಬಾರದು. ನೀರು ತಡೆಯುವ ಯಾವ ಏರ್ಪಾಟೂ ಇದರಲ್ಲಿಲ್ಲ, ನಮ್ಮ ಜೂನ್ ಜುಲೈ ತಿಂಗಳುಗಳು ಅದನ್ನು ಕ್ಷಮಿಸುವಂಥವಲ್ಲ. ಕುಂದಾದ್ರಿಯ ಬಂಡೆಯ ಮೇಲಿನಿಂದ ಬಾಹ್ಯಾಕಾಶ ನಿಲ್ದಾಣದ ರಿಪೀಟರಿಗೆ 145.990ರಲ್ಲಿ 67 ಹರ್ಟ್ಸ್ ಟೋನಿನೊಡನೆ ಕೂಗಿ 437.800ರಲ್ಲಿ ಉತ್ತರ ಕೇಳುವುದು ಇಂಥ ಸೆಟ್ಟಿನಿಂದಲೂ ಸಾಧ್ಯ. ಆ ಎರಡೂ ಆವರ್ತನಗಳು ನಮಗೆ ಕೊಟ್ಟಿರುವ ಪಟ್ಟಿಗಳೊಳಗೇ ಇವೆ.

ತೋಟದವರ ಪ್ರಶ್ನೆಗೆ ಮರಳಿದರೆ, ಹೊಸನಗರ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೇಳಿದ್ದು ನ್ಯಾಯವಾಗಿಯೇ ಇತ್ತು: “ಪರೀಕ್ಷೆ ಬರೆದು ಪಾಸ್ ಮಾಡ್ಕಂಡ್ರೆ ತೋಟದಲ್ಲಿ ಬಳಸ್ಬಹುದಲ್ಲ ಮಾರಾಯ್ರೆ?” ಬಳಸುವಂತಿಲ್ಲ. ಹವ್ಯಾಸಿ ಸೇವೆಯಲ್ಲಿ ವ್ಯವಹಾರದ ಮಾತು ಆಡುವಂತಿಲ್ಲ, ಮತ್ತು ಆಳುಗಳ ಕೈಯಲ್ಲಿರುವ ಸೆಟ್ಟಿಗೆ ಆಳಿನ ಹೆಸರಿನಲ್ಲೇ ಪರವಾನಗಿ ಬೇಕಾಗುತ್ತದೆ. ಔಷಧಿ ಹೊಡೆಯುವವರನ್ನು ಕರೆಯುವುದು, ಲಾರಿ ಬಂತೇ ಎಂದು ವಿಚಾರಿಸುವುದು ಹ್ಯಾಮ್ ಸಂಭಾಷಣೆಯಲ್ಲ. ಅವರಿಗೆ ಸೂಕ್ತವಾದದ್ದು 446.0ರಿಂದ 446.2 ಮೆಗಾಹರ್ಟ್ಸ್‌ನ ಕಡಿಮೆ ಶಕ್ತಿಯ ಸೆಟ್ಟು. 2018ರ ಅಧಿಸೂಚನೆಯಂತೆ ಅದಕ್ಕೆ ಪರವಾನಗಿ ಬೇಡ, ಆದರೆ ಆ ಮಾದರಿಗೆ ಇಟಿಎ ಇರಲೇಬೇಕು. ಯುವಿ-5ಆರ್ ವಂಶದ ಸೆಟ್ಟನ್ನೇ 446.1ಕ್ಕೆ ತಿರುಗಿಸಿಟ್ಟುಕೊಂಡರೆ ಸಾಕಲ್ಲವೇ ಎಂದು ಕೇಳುವವರಿದ್ದಾರೆ. ಸಾಲದು, ವಿನಾಯಿತಿ ಇರುವುದು ಆ ಪಟ್ಟಿಗೆಂದೇ ಅನುಮೋದನೆಯಾದ ಉಪಕರಣಕ್ಕೆ. ದೊಡ್ಡ ಎಸ್ಟೇಟುಗಳು, ರೆಸಾರ್ಟುಗಳು ಹೆಚ್ಚು ದೂರ ಬೇಕೆಂದರೆ ಡಬ್ಲ್ಯುಪಿಸಿಯಿಂದ ತಮ್ಮದೇ ಆವರ್ತನ ಪಡೆದು ಶುಲ್ಕ ಕಟ್ಟಿ ನಡೆಸಬೇಕು.

ಅಂತರ್ಜಾಲದ ಮಾರಾಟದಲ್ಲಿ ಈ ವ್ಯತ್ಯಾಸವನ್ನು ಬೇಕೆಂದೇ ಮಸುಕುಗೊಳಿಸಲಾಗುತ್ತಿತ್ತು. 2025ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಹಲವು ಮಾರಾಟ ತಾಣಗಳಿಗೆ ನೋಟಿಸು ಕೊಟ್ಟು, ಅದೇ ತಿಂಗಳ ಕೊನೆಗೆ ಮಾರ್ಗಸೂಚಿಯನ್ನೂ ಹೊರಡಿಸಿತು. ಸೆಟ್ಟು ಯಾವ ಆವರ್ತನದಲ್ಲಿ ಕೆಲಸ ಮಾಡುತ್ತದೆ, ಪರವಾನಗಿ ಬೇಕೇ, ಇಟಿಎ ಇದೆಯೇ ಎಂಬುದನ್ನು ಪುಟದಲ್ಲೇ ತಿಳಿಸಬೇಕೆಂಬುದು ಅದರ ತಿರುಳು. ಆದ್ದರಿಂದ ಕೊಳ್ಳುವವರು ಆವರ್ತನದ ಉಲ್ಲೇಖವೇ ಇಲ್ಲದ ಪುಟವನ್ನು ಅಲ್ಲಿಗೇ ಮುಚ್ಚಿಬಿಡುವುದು ಲೇಸು.

ಹಾಗಾದರೆ ಕೊಳ್ಳಬಹುದೇ? ಪರವಾನಗಿ ಕೈಸೇರಿದ ಮೇಲೆ, ಬಿಲ್ಲಿನೊಡನೆ, ಮಿತಿಗಳನ್ನು ಬಿಗಿದು, ಯುಎಚ್‌ಎಫ್‌ಗೆ ಅಥವಾ 1 ವ್ಯಾಟಿನ ವಿಎಚ್‌ಎಫ್‌ಗೆ ಬಳಸುವುದಾದರೆ ಕೊಟ್ಟ ಹಣಕ್ಕೆ ಅನ್ಯಾಯವಿಲ್ಲ. ಚಾರಣಕ್ಕೆ ಒಯ್ಯುವ ಎರಡನೇ ಸೆಟ್ಟಾಗಿ ನಾನು ಇದನ್ನು ಶಿಫಾರಸು ಮಾಡುತ್ತೇನೆ. ಇದ್ದದ್ದೊಂದೇ ಸೆಟ್ಟು ಎನ್ನುವವರು, ವಿಎಚ್‌ಎಫ್ ರಿಪೀಟರಿನಲ್ಲಿ ದಿನವೂ ಮಾತನಾಡುವವರು ಹಲವು ಪಟ್ಟು ಬೆಲೆಯ ಜಪಾನೀ ಸೆಟ್ಟಿಗೆ ಕಾದು ಹಣ ಕೂಡಿಸುವುದೇ ಸರಿ. ಬೇಸರವಾದ ದಿನ ಮಾರುವ ಅಥವಾ ಯಾರಿಗಾದರೂ ಕೊಡುವ ಯೋಚನೆ ಬಂದರೆ ಪಡೆಯುವವರ ಪರವಾನಗಿಯ ಪ್ರತಿಯನ್ನು ಇಟ್ಟುಕೊಂಡೇ ಕೊಡಬೇಕು. ಹೋಂಸ್ಟೇ ನಡೆಸುವ ಭಾವನಿಗೆ, ಜೀಪು ಓಡಿಸುವ ಪರಿಚಯಸ್ಥರಿಗೆ ಸಲಿಗೆಯಿಂದ ದಾಟಿಸಿದ ಹ್ಯಾಮ್ ಸೆಟ್ಟುಗಳು ಈ ಘಟ್ಟದ ಮೇಲೆ ಈಗಾಗಲೇ ಸಾಕಷ್ಟಿವೆ. ಅವುಗಳಲ್ಲಿ ಒಂದು ಅರಣ್ಯ ಇಲಾಖೆಯ ಆವರ್ತನದಲ್ಲಿ ಸಿಕ್ಕಿಬಿದ್ದ ದಿನ ಮೊದಲು ವಿಚಾರಣೆಗೆ ಕರೆಸಿಕೊಳ್ಳುವುದು ಬಿಲ್ಲಿನಲ್ಲಿ ಕಾಲ್ ಸೈನ್ ಇರುವವರನ್ನು.